ಸೊಪ್ಪು ತೊಳೆಯುವವಳು

ಮೂಗಿನ ಹತ್ತಿರ ಬಂದು ಪೆನ್ಸಿಲು ಮತ್ತೆ ನಿಂತಿತು. ಹಣೆ ಆಗಿತ್ತು, ಕೂದಲ ಅಂಚು ಆಗಿತ್ತು, ಬಲಗಿವಿ ಆಗಿತ್ತು. ಕಿವಿಯ ಹಿಂದಿನ ಸಣ್ಣ ಮಚ್ಚೆ ಎದುರಿನಿಂದ ಕಾಣುವುದಿಲ್ಲ ಎಂದು ಗೊತ್ತಿದ್ದೂ ಪಾರ್ವತಿ ಅದನ್ನು ಇಟ್ಟುಬಿಟ್ಟಿದ್ದಳು. ಅಕ್ಕನ ಮೂಗು ಚೂಪೋ, ಮೊಂಡೋ? ಭಾವ ಸತ್ತ ವರ್ಷ ಮೂಗುಬೊಟ್ಟು ತೆಗೆದ ಮೇಲೆ ಆ ತೂತು ಮುಚ್ಚಿಕೊಂಡಿತ್ತೋ, ಚುಕ್ಕೆಯಾಗಿ ಹಾಗೇ ಉಳಿದಿತ್ತೋ? ಒಂಟಿಕೊಪ್ಪಲಿನ ಈ ಒಂದೇ ಕೋಣೆಯ ಮನೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ, ನಾಲ್ಕು ದಿನದಲ್ಲಿ ಅವಳು ಹನ್ನೊಂದು ಮುಖ ಬರೆದಿದ್ದಳು. ಒಂದು ಅವ್ವನ ಹಾಗಿತ್ತು, ಒಂದು ಯಾವಳೋ ಸಿನಿಮಾದವಳ ಹಾಗಿತ್ತು, ಒಂದು ಅವಳದೇ ಹಾಗಿತ್ತು. ಅಕ್ಕನ ಹಾಗೆ ಒಂದೂ ಇರಲಿಲ್ಲ. ಇಲ್ಲ ಎನ್ನುವುದು ನೋಡಿದ ಕೂಡಲೇ ತಿಳಿಯುತ್ತಿತ್ತು, ಹೇಗಿರಬೇಕು ಎನ್ನುವುದು ತಿಳಿಯುತ್ತಿರಲಿಲ್ಲ. ಬೀದಿಯಲ್ಲಿ ಬಾಳೆಎಲೆ ಮಾರುವವನು ಎರಡನೆಯ ಸಲ ಕೂಗಿಕೊಂಡು ಹೋದ. ಇವತ್ತು ಮಹಾಲಯ ಅಮಾವಾಸ್ಯೆ. ಸಂಜೆಯ ಹೊತ್ತಿಗೆ ಪಡುವಾರಹಳ್ಳಿಯ ಅಣ್ಣನ ಮನೆಯಲ್ಲಿ ಎಡೆ ಇಡಬೇಕು. ಸತ್ತವರಿಗೆಂದು ಎಲೆ ತುಂಬ ಅಡುಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಹಿಂದಿನಿಂದ ಅವರ ಪಟ ಒರಗಿಸಿ, ಬಂದು ಉಂಡು ಹೋಗಿ ಎಂದು ಕರೆಯಬೇಕು. ಅಕ್ಕ ಆಷಾಢದಲ್ಲಿ ಹೋದಳು. ಇದು ಅವಳ ಮೊದಲ ಎಡೆ.

ಹೋದ ಭಾನುವಾರ ಅತ್ತಿಗೆ ಕೆಂಚಮ್ಮ ಉದ್ದಿನಬೇಳೆ ಆರಿಸುತ್ತ ಕೂತು ಹೇಳಿದ್ದಳು. "ಮಾವಂದು ಪೋಟ ಅದೆ, ಅತ್ತೇದು ಅದೆ. ಅಕ್ಕಂದು ಒಂದೂ ಇಲ್ವಲ್ಲ ಪಾರ್ವತಿ. ಬರೀ ಕಳಸ ಇಟ್ಬುಟ್ಟು ಯಾರಂತ ಕರೆಯೋದು? ನೀನು ಊರಿಗೆಲ್ಲ ಚಿತ್ರ ಬರೆಯೋಳು, ಒಂದು ಮುಖ ಬರ್ಕೊಡು."

"ಬರೀತೀನಿ ಅತ್ತಿಗೆ."

"ದೊಡ್ಡದೇನೂ ಬ್ಯಾಡ ಕಣಮ್ಮ. ಇದ್ದಂಗಿದ್ರೆ ಸಾಕು. ನಿಂಗೇನು, ಅರ್ಧ ಗಂಟೆ ಕೆಲ್ಸ."

ಅರ್ಧ ಗಂಟೆಯ ಕೆಲಸ ಎಂದು ಅವಳೂ ಅಂದುಕೊಂಡಿದ್ದಳು. ಮನೆಗೆ ಬಂದು ಮಂಚದ ಕೆಳಗಿನ ಟ್ರಂಕು ಎಳೆದು, ಅದರೊಳಗಿನ ಬರೆಯುವ ಪುಸ್ತಕಗಳನ್ನೆಲ್ಲ ಚಾಪೆಯ ಮೇಲೆ ಹರಡಿದಳು. ಎಷ್ಟು ಭಾನುವಾರಗಳ ಪುಸ್ತಕಗಳು! ದಟ್ಟಗಳ್ಳಿಯ ತೋಟಗಳಿಂದ ಸೊಪ್ಪು ತಂದು, ಅಣ್ಣನ ಮನೆಯ ಹಿತ್ತಲಿನ ಕಲ್ಲುಬಾನಿಯಲ್ಲಿ ತೊಳೆದು, ಕಟ್ಟು ಕಟ್ಟಿ, ಬುಟ್ಟಿ ಹೊತ್ತು ದೇವರಾಜ ಮಾರುಕಟ್ಟೆಯ ಬಾಗಿಲಿಗೆ ಹೋಗುವ ಅಕ್ಕ ದೇವಿರಮ್ಮ ಪ್ರತಿ ಹಾಳೆಯಲ್ಲೂ ಇದ್ದಳು. ಬುಟ್ಟಿಯನ್ನು ತಲೆಗೆ ಏರಿಸುವಾಗ ಬಿಗಿಯುವ ಕತ್ತು. ದಂಟಿನ ಬೇರಿನಿಂದ ಮಣ್ಣು ಬಿಡಿಸುವ ಬೆರಳು. ಬಲ ಹಿಮ್ಮಡಿಯ ಮೂರು ಬಿರುಕು, ಎಡದ್ದರಲ್ಲಿ ಒಂದು. ಸೀರೆ ಎತ್ತಿ ಸಿಕ್ಕಿಸಿದ ಸೊಂಟ. ಬೆನ್ನು, ಬೆನ್ನು, ಬೆನ್ನು. ಒಂದು ಹಾಳೆಯಲ್ಲಿ ಮಾತ್ರ ಕೆನ್ನೆಯ ಅಂಚು ಚಂದ್ರನ ಚೂರಿನಷ್ಟು ತಿರುಗಿತ್ತು, ಅದರ ಮೇಲೂ ಸೆರಗಿನ ನೆರಳು ಬಿದ್ದಿತ್ತು. ಕೊನೆಯ ಪುಸ್ತಕದಲ್ಲೂ ಮುಖ ಒಂದೂ ಇರಲಿಲ್ಲ. ಅಣ್ಣ ಚಿಕ್ಕಣ್ಣನ ಮದುವೆಯಲ್ಲಿ ಸ್ಟುಡಿಯೋದವನು ಬಂದು ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದಿದ್ದ. ಆವಾಗ ಅಕ್ಕ ಅನ್ನದ ಕೊಪ್ಪರಿಗೆಯ ಹತ್ತಿರ ಇದ್ದಳು. ಯಾರೋ ಕರೆದರು. "ಗಂಡ ಸತ್ತೋಳು ನಾನ್ಯಾಕೆ, ಬುಡಿ" ಅಂದಳಂತೆ. ಪಾರ್ವತಿ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಾಳೆ, ಜರಿಯಂಚಿನ ಸೀರೆಯಲ್ಲಿ. ಎದ್ದು ಹೋಗಿ ಕೈಹಿಡಿದು ಕರೆತರಬಹುದಿತ್ತು. ಸೀರೆಯ ಮಡಿಕೆ ಕೆಡುತ್ತದೆ ಎಂದು ಸ್ಟುಡಿಯೋದವನು ಅಲುಗಬೇಡಿ ಅಂದಿದ್ದ.

ಮುಖ ಗುರುಗಳದು. ಚಿತ್ರ ಕಲಿಯಲು ಸೇರಿದ ಇನ್‌ಸ್ಟಿಟ್ಯೂಟಿನಲ್ಲಿ ಮೊದಲ ದಿನ ಲಕ್ಷ್ಮೀನರಸಿಂಹ ಮೇಷ್ಟ್ರು ಹೇಳಿಕೊಟ್ಟ ಪಾಠ ಅದು. ಅವರ ಮನೆತನದಲ್ಲಿ ದೇವರ ಪಟ ಬರೆಯುವ ಕ್ರಮವೇ ಹಾಗೆ. ಹಲಗೆಗೆ ಬಟ್ಟೆ ಅಂಟಿಸುವವರು, ಗೆರೆ ಹಾಕುವವರು, ಒಡವೆಯ ಜಾಗಕ್ಕೆ ಸುಣ್ಣದ ಸರಿ ಇಟ್ಟು ಉಬ್ಬಿಸುವವರು, ಚಿನ್ನದ ರೇಕು ಕೂರಿಸುವವರು, ಸೀರೆಯ ನಿರಿಗೆ ತುಂಬುವವರು, ಎಲ್ಲರೂ ಶಿಷ್ಯರು. ಕೊನೆಗೆ ಮುಖದ ಜಾಗ ಮಾತ್ರ ಬೆಳ್ಳಗೆ ಉಳಿಯುತ್ತದೆ. ಅದಕ್ಕೆ ಗುರು ಸ್ನಾನ ಮಾಡಿ ಬಂದು ಕೂರಬೇಕು. ನಿರಿಗೆಯಲ್ಲಿ ಪಾರ್ವತಿಯ ಕೈಗೆ ಸಮ ಯಾರೂ ಇರಲಿಲ್ಲ. ಸೊಪ್ಪು ಮಾರಿ ಅವಳನ್ನು ಓದಿಸುತ್ತಿದ್ದ ಅಕ್ಕನಿಗೆ ಅವಳು ಇದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದಳು. "ಸೀರೆ ಉಡ್ಸೋದು ನೀನು, ಮುಖ ತೊಳೆಯೋದು ಅವ್ರಾ?" ಎಂದು ಅಕ್ಕ ನಕ್ಕಿದ್ದಳು. ಹೇಗೆ ನಕ್ಕಿದ್ದಳು? ಹಲ್ಲು ಕಾಣುತ್ತಿತ್ತೆ? ನಲವತ್ತೇಳರ ಆ ಸೆಪ್ಟೆಂಬರಿನಲ್ಲಿ ಊರಲ್ಲಿ ದಿನಾ ಮೆರವಣಿಗೆ, ಜವಾಬ್ದಾರಿ ಸರ್ಕಾರ ಬೇಕೆಂದು ಕೂಗು. ತರಗತಿ ನಡೆದರೆ ನಡೆಯಿತು, ಇಲ್ಲದಿದ್ದರೆ ಇಲ್ಲ. ಅಂಥ ಒಂದು ಮಧ್ಯಾಹ್ನ ಮೇಷ್ಟ್ರು ಬಂದಿರಲಿಲ್ಲ. ಮೂಲೆಯಲ್ಲಿ ನಿಂತಿದ್ದ ಲಕ್ಷ್ಮಿಗೆ ಕಿರೀಟವಿತ್ತು, ಕೊರಳಿಗೆ ಅಡ್ಡಿಕೆಯಿತ್ತು, ನಾಲ್ಕು ಕೈಯಿತ್ತು, ಮುಖ ಇರಲಿಲ್ಲ. ಹತ್ತೊಂಬತ್ತು ವರ್ಷದ ಪಾರ್ವತಿ ಸಣ್ಣ ಕುಂಚ ತೆಗೆದುಕೊಂಡು ಕೂತಳು. ಅಕ್ಕನದನ್ನು ಬಿಟ್ಟರೆ ಬೇರೆ ಯಾರ ಮುಖವನ್ನೂ ಅವಳು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ಕೈ ತಾನಾಗಿ ಹೋಯಿತು. ಅವಳ ಇಡೀ ಬದುಕಿನಲ್ಲಿ ಕೈ ಹಾಗೆ ಮತ್ತೆ ಹೋಗಲಿಲ್ಲ.

ಮರುದಿನ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಬೈಯಲಿಲ್ಲ. "ಅಲ್ಲಮ್ಮಾ, ಲಕ್ಷ್ಮಿ ಈಗ ತಾನೇ ಸೊಪ್ಪಿನ ಬುಟ್ಟಿ ಇಳಿಸಿ ಕೂತ ಹಾಗಿದ್ದಾಳಲ್ಲ! ಹರಿವೆ ಹೇಗಮ್ಮಾ ಕಟ್ಟು ಅಂತ ಕೇಳೋಣವೆ?" ಎಂದರು. ಕೋಣೆಯೆಲ್ಲ ನಕ್ಕಿತು. ಅವರಿಗೆ ಅಕ್ಕನ ವಿಷಯ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಏನು ಕೆಲಸ ಎಂದು ಕೇಳಿದವರಿಗೆ ಜಮೀನಿದೆ ಎಂದಷ್ಟೇ ಅವಳು ಹೇಳುತ್ತಿದ್ದಳು. ಮೇಷ್ಟ್ರು ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಒಂದೇ ಸಲ ಒರೆಸಿದರು. ಪಾರ್ವತಿಯೂ ನಕ್ಕಳು. ಹದಿನಾರು ವರ್ಷದಿಂದ ಅವಳು ಆ ನಗುವನ್ನು ಎಷ್ಟು ಬಗೆಯಲ್ಲಿ ತಿರುಗಿಸಿ ನೋಡಿದ್ದಾಳೆ: ಹೆದರಿ ನಕ್ಕೆ, ಚಿಕ್ಕವಳು ನಕ್ಕೆ, ಎಲ್ಲರೂ ನಗುವಾಗ ಸುಮ್ಮನಿದ್ದರೆ ಗೊತ್ತಾಗಿಬಿಡುತ್ತಿತ್ತು. ಎಲ್ಲವೂ ನಿಜ. ಆದರೂ ಆ ಕ್ಷಣ ಅವಳಿಗೂ ಆ ಮುಖ ಆ ಕಿರೀಟದ ಕೆಳಗೆ ನಗೆ ಬರಿಸುವಂತೆ ಕಂಡಿತ್ತು. ಈಗ ಅದನ್ನು ನೆನೆಯಲು ಹೋದರೆ ಒರೆಸಿದ ಮೇಲೆ ಬಟ್ಟೆಯಲ್ಲಿ ಉಳಿದ ಬಣ್ಣ ಮಾತ್ರ ನೆನಪಾಗುತ್ತದೆ, ಹಳದಿಗೆ ಒಂದಿಷ್ಟು ಕಾವಿ ಬೆರೆತದ್ದು.

ಆಮೇಲೆ ಅವಳು ಮುಖಕ್ಕೆ ಕೈ ಹಾಕಲಿಲ್ಲ. ಹುಡುಗಿಯರ ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾದಳು. ಮಕ್ಕಳಿಗೆ ಹೂಜಿ, ಮಾವಿನಕಾಯಿ, ಅರ್ಧ ತೆರೆದ ಬಾಗಿಲು ಹೇಳಿಕೊಡುತ್ತ ಹೇಳಿಕೊಡುತ್ತ, ಒಂದು ದಿನ ಸ್ಕೂಲಿನ ಹಿತ್ತಾಳೆ ಚೊಂಬಿನ ನಗ್ಗಿದ ಜಾಗದಲ್ಲಿ ಆಕಾಶದ ಒಂದು ಚೂರು ಕೂತಿರುವುದನ್ನು ಕಂಡಳು. ಅಷ್ಟೇ. ಯಾವ ದೇವರೂ ಪ್ರತ್ಯಕ್ಷವಾಗಲಿಲ್ಲ. ಆದರೆ ಅಂದಿನಿಂದ ಬೀದಿಯಲ್ಲಿ ನಡೆಯುವುದು ಬೇರೆಯಾಯಿತು. ತಂತಿಯ ಮೇಲೆ ಒಣಗುವ ಪಂಚೆಯ ನೆರಳು, ಹೂ ಕಟ್ಟುವವಳ ಮಂಡಿಗೆ ಸುತ್ತಿದ ಬಾಳೆನಾರು, ಜಟಕಾ ಕುದುರೆಯ ಒದ್ದೆ ಬೆನ್ನಿನಿಂದ ಏಳುವ ಹಬೆ. ಮದುವೆಯ ಮಾತು ಎರಡು ಸಲ ಬಂದು ಹೋಯಿತು. ಅದರಿಂದ ದುಃಖವಾಗಲಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅಣ್ಣನ ಮನೆಯ ಹಿತ್ತಲಿಗೆ ಹೋಗಿ, ಕಲ್ಲುಬಾನಿಯ ಹಿಂದಿನ ಒರಳಿನ ಮೇಲೆ ಕೂತು ಪುಸ್ತಕ ಬಿಚ್ಚಿದರೆ ಆಯಿತು, ಅವಳಿಗೆ ಬೇರೆ ಏನೂ ಬೇಕಿರಲಿಲ್ಲ. ಎಳೆ ಬಿಸಿಲು, ನೀರು, ಹಸಿರು, ಬಗ್ಗಿದ ಒಂದು ಬೆನ್ನು.

"ಅದೇನೇ ದಿನಾ ಬೆನ್ನು ಬರೀತೀಯ? ಈಚೆ ಬಾ, ಮುಖ ಬರಿ. ಸ್ಟುಡಿಯೋದವ್ರು ಬರ್ದಿರ್ತಾರಲ್ಲ, ಹಂಗೆ. ಪಕ್ಕದಲ್ಲೊಂದು ಹೂದಾನಿ ಇಟ್ಟು" ಎನ್ನುತ್ತಿದ್ದಳು ಅಕ್ಕ, ತಿರುಗದೆ.

"ಬರೀತೀನಿ ಬುಡಕ್ಕ. ಇನ್ನೊಂದ್ಸಲ."

"ಇನ್ನೊಂದ್ಸಲ ಇನ್ನೊಂದ್ಸಲ ಅಂತ ಹಲ್ಲೆಲ್ಲ ಉದುರ್ಲಿ, ಆಮ್ಯಾಕೆ ಬರಿ."

ಹಿಂದೆ ಕೂತೇ ಪಾರ್ವತಿ ನಗುತ್ತಿದ್ದಳು. ಎದುರು ಹೋಗಿ ಕೂತಿದ್ದರೆ? ಒದ್ದೆ ಬಟ್ಟೆ ಹಿಡಿದವರು ಯಾರೂ ಅಲ್ಲಿ ಇರಲಿಲ್ಲ. ಬೆನ್ನಿನಲ್ಲಿ ಎಲ್ಲವೂ ಇದೆ, ಮುಖ ಸುಳ್ಳು ಹೇಳುತ್ತದೆ ಎಂದು ಅವಳು ಸ್ಕೂಲಿನ ಹೆಡ್‌ಮಿಸ್ಟ್ರೆಸ್ಸಿಗೆ ಒಮ್ಮೆ ಹೇಳಿದ್ದಳು. ಅವರು ತಲೆದೂಗಿದ್ದರು. ಹೇಳಿದ ಮೇಲೆ ಅವಳೂ ಅದನ್ನು ನಂಬಿದ್ದಳು.

ಹೋದ ವರ್ಷದ ಬೇಸಿಗೆಯಲ್ಲಿ ಅಕ್ಕನ ರವಿಕೆ ಬೆನ್ನಿನ ಮೇಲೆ ಅಂಗೈಯಗಲ ಹರಿದಿತ್ತು. ಅದಕ್ಕೆ ಪಾರ್ವತಿಯದೇ ಹಳೆಯ ಸ್ಕೂಲು ಸೀರೆಯ ನೀಲಿ ತುಂಡು ತೇಪೆ ಹಾಕಿಕೊಂಡಿದ್ದಳು. ತೇಪೆಯ ಒಂದು ಮೂಲೆ ಬಿಟ್ಟು, ಅದರ ಸಂದಿಯಲ್ಲಿ ಬೆನ್ನಿನ ಕಪ್ಪು ಕಾಣುತ್ತಿತ್ತು. ಮಾಸಿದ ಕೆಂಪಿನ ನಡುವೆ ಆ ನೀಲಿ. ಪಾರ್ವತಿ ಆಗಲೇ ಪುಸ್ತಕ ಬಿಚ್ಚಿದ್ದಳು. ಬೇರೊಂದು ರವಿಕೆ ತಂದುಕೊಡಬೇಕು ಅನಿಸಲಿಲ್ಲ. ಇನ್ನೆರಡು ಭಾನುವಾರ ಅಕ್ಕ ಇದನ್ನೇ ಹಾಕಿಕೊಂಡಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಅಕ್ಕ ಹಾಕಿಕೊಂಡಿದ್ದಳು, ಬೇರೆ ಇರಲಿಲ್ಲ. 'ಸೊಪ್ಪು ತೊಳೆಯುವವಳು' ಎಂಬ ಆ ಜಲವರ್ಣ ಚಿತ್ರ ದಸರಾ ವಸ್ತುಪ್ರದರ್ಶನದ ಗೋಡೆಯೇರಿತು. ಅದಕ್ಕೆ ಎರಡನೆಯ ಬಹುಮಾನದ ಚೀಟಿ ಅಂಟಿತು. ಅಕ್ಕ ತಲೆಗೆ ಎಣ್ಣೆ ಹಚ್ಚಿ ಬಾಚಿ, ಇದ್ದೊಂದು ಒಳ್ಳೆಯ ಸೀರೆ ಉಟ್ಟು, ಹೊಸ ರವಿಕೆ ಹೊಲಿಸಿಕೊಂಡು, ಅತ್ತಿಗೆಯ ಜೊತೆ ನೋಡಲು ಬಂದಳು. ಚಿತ್ರದ ಮುಂದೆ ಇಬ್ಬರು ಗಂಡಸರು ನಿಂತಿದ್ದರು. "ಆ ತೇಪೆ ನೋಡ್ರೀ. ಆ ಹರಕಲು ಇಲ್ದಿದ್ರೆ ಚಿತ್ರವೇ ಇಲ್ಲ" ಎಂದ ಒಬ್ಬ. ಅಕ್ಕನ ಕೈ ಹಿಂದಕ್ಕೆ ಹೋಯಿತು. ಅಂದು ತೊಟ್ಟದ್ದು ಹೊಸ ರವಿಕೆ, ಆದರೂ ಸೆರಗನ್ನು ಎಳೆದು ಬೆನ್ನು ತುಂಬ ಹೊದ್ದುಕೊಂಡಳು. ಹೊದ್ದ ಸೆರಗನ್ನು ಎದೆಯ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದಳು, ಹೊರಗೆ ಬರುವವರೆಗೂ, ದೀಪದ ಸಾಲುಗಳ ಕೆಳಗೆ ಮೂವರೂ ಪುರಿ ತಿನ್ನುತ್ತ ಕೂತಾಗಲೂ.

"ನಂಗೊಂದು ಮಾತು ಹೇಳಿದ್ರೆ ಒಳ್ಳೆ ರವ್ಕೆ ಹಾಕ್ಕೊಂಡು ಕೂತ್ಕೋತಿದ್ನಲ್ಲೇ" ಎಂದಳು ಕೊನೆಗೆ. ಕೋಪವಿರಲಿಲ್ಲ. ತಪ್ಪು ತನ್ನದೇ ಎನ್ನುವ ಹಾಗಿತ್ತು.

"ಅಕ್ಕ, ಅದೇ ಚೆಂದ ಕಣಕ್ಕ. ಹೊಸದಾಗಿದ್ರೆ..."

"ಚೆಂದ ಇರಬೋದು. ನಂಗೇನು ಗೊತ್ತು."

ಹಿಂದಿರುಗುವಾಗ ಬಟ್ಟೆಯಂಗಡಿಯ ಮುಂದೆ ಅಕ್ಕ ನಿಂತಳು. ದಾಳಿಂಬೆ ಹೂವಿನ ಬಣ್ಣದ ಪಾಪ್ಲಿನ್ ಥಾನಿನ ತುದಿಯನ್ನು ಎರಡು ಬೆರಳಲ್ಲಿ ಮುಟ್ಟಿ, "ಈ ಬಣ್ಣ ನಂಗ್ಯಾಕೆ" ಎಂದು ಬಿಟ್ಟಳು. ಆಮೇಲಿನ ಭಾನುವಾರಗಳಲ್ಲಿ ಸೊಪ್ಪು ತೊಳೆಯುವಾಗಲೂ ಸೆರಗು ಬೆನ್ನಿಗೆ ಬಿಗಿದಿರುತ್ತಿತ್ತು. ಗೆರೆಗಳೆಲ್ಲ ಮುಚ್ಚಿಹೋದವು. ಪಾರ್ವತಿಗೆ ಸಿಟ್ಟು ಬಂದಿತ್ತು. ಹೌದು, ಸಿಟ್ಟು. ಅಕ್ಕ ತನ್ನಿಂದ ಏನನ್ನೋ ಕಿತ್ತುಕೊಂಡ ಹಾಗೆ. ಎರಡು ಭಾನುವಾರ ಹೋಗದೆ ಕೋಣೆಯಲ್ಲೇ ಕೂತು ಬದನೆಕಾಯಿ ಬರೆದಿದ್ದಳು. ಆಷಾಢದಲ್ಲಿ ಜ್ವರ ಎದೆಗಿಳಿದು ಅಕ್ಕ ಅಂಗಾತ ಮಲಗಿದಾಗ ಮೂರು ದಿನ ಪಕ್ಕದಲ್ಲಿ ಕೂತಿದ್ದಳು. ಕಂಬಳಿಯ ಮೇಲಿನ ಕೈ ಬರೆದಳು. "ಈಗ್ಲಾದ್ರೂ ಬರಿಯೇ. ಅಲ್ಲಾಡ್ದೆ ಮಲಗಿವ್ನಿ" ಎಂದಳು ಅಕ್ಕ. "ಎದ್ದು ಕೂತ್ಕೋ, ಹೂದಾನಿ ಇಟ್ಟು ಬರೀತೀನಿ" ಎಂದು ಪಾರ್ವತಿ ಪುಸ್ತಕ ಮುಚ್ಚಿದಳು. ಅಕ್ಕ ಇವಳನ್ನೇ ನೋಡುತ್ತಿದ್ದಳು. ನೋಡುತ್ತಿದ್ದಳೆಂದು ಗೊತ್ತಿತ್ತು, ಏಕೆಂದರೆ ಪಾರ್ವತಿ ಬೇರೆ ಕಡೆ ನೋಡುತ್ತಿದ್ದಳು.

ಮೂಗು ಆಗಲಿಲ್ಲ. ಬಿಸಿಲು ಮೇಜು ದಾಟಿ ನೆಲಕ್ಕಿಳಿದಿತ್ತು. ಹನ್ನೆರಡನೆಯ ಹಾಳೆಯನ್ನು ಉಳಿದ ಹನ್ನೊಂದರ ಜೊತೆ ಟ್ರಂಕಿಗೆ ಹಾಕಿದಳು. ಗೋಡೆಯ ಮೇಲಿನ ಬಹುಮಾನದ ಚಿತ್ರ ಇಳಿಸಿ ಹಳೆಯ ಪೇಪರಿನಲ್ಲಿ ಸುತ್ತಿದಳು. ಅಕ್ಕನದು ಎಂದು ಪಟವಾಗಿ ಇರುವುದು ಇದೊಂದೇ. ಜೊತೆಗೆ ಒಂದು ಸಣ್ಣ ಪೊಟ್ಟಣ. ಅದರಲ್ಲಿ ದಾಳಿಂಬೆ ಬಣ್ಣದ ರವಿಕೆ ಇತ್ತು, ವಾರವಿಡೀ ಕೈಯಲ್ಲೇ ಹೊಲಿದದ್ದು. ಬೆನ್ನಿನ ಅಗಲಕ್ಕೆ ಅಳತೆಯ ರವಿಕೆ ಬೇಕಾಗಿರಲಿಲ್ಲ. ಮುಂಭಾಗ ಕತ್ತರಿಸುವಾಗ ಮಾತ್ರ ಕತ್ತರಿ ಹಿಡಿದು ಬಹಳ ಹೊತ್ತು ಕೂತಿದ್ದಳು.

ಅಣ್ಣನ ಮನೆಯಲ್ಲಿ ವಡೆ ಬೇಯುವ ವಾಸನೆ, ಬಾಡಿನ ಸಾರಿನ ವಾಸನೆ. ನಡುಮನೆಯ ಗೋಡೆಗೆ ಅಪ್ಪ ಅವ್ವನ ಪಟ ಒರಗಿಸಿ, ನಡುವೆ ಒಂದು ಪಟದಷ್ಟು ಜಾಗ ಬಿಟ್ಟಿದ್ದರು. ರೇಷ್ಮೆ ಕಾರ್ಖಾನೆಗೆ ರಜ ಹಾಕಿ ಮನೆಯಲ್ಲಿದ್ದ ಚಿಕ್ಕಣ್ಣ ಪೇಪರು ಬಿಚ್ಚಿದ.

"ಇದೇನು ತಂದ್ಬುಟ್ಟೆ? ಎಡೆಗೆ ಬೆನ್ನು ಹಾಕ್ಕೊಂಡು ಕೂತವ್ಳಲ್ಲೇ!"

"ಬೇರೆ ಬರಿಯೋಕೆ ಆಗ್ಲಿಲ್ಲಣ್ಣ."

"ಪುರುಸೊತ್ತಾಗ್ಲಿಲ್ವ?"

ಹೌದು ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. "ಮುಖ ನೆನಪಾಗ್ತಿಲ್ಲ" ಎಂದಳು ಪಾರ್ವತಿ.

ಕೆಂಚಮ್ಮ ಬಾಣಲೆ ಇಳಿಸಿ, ಸೆರಗಿಗೆ ಕೈ ಒರೆಸುತ್ತ ಬಂದಳು. "ನೆನಪಾಗ್ತಿಲ್ವ? ದೇವ್ರೆ! ಇಷ್ಟು ವರ್ಷ ನೋಡ್ತಾನೆ ಇದ್ಯಲ್ಲ, ನೋಡ್ತಾ ನೋಡ್ತಾ ಕಾಫಿನೂ ಆರೋಗ್ತಿತ್ತು ನಿಂದು. ಅಕ್ಕನ ಮುಖಾನಾ? ಎಡಗಣ್ಣು ಚೂರು ಸಣ್ಣದಿತ್ತು. ಇಲ್ಲಿ ತುಟಿ ತಾವ ಸುಟ್ಟ ಗಾಯ, ಬೆಲ್ಲದ ಪಾಕ ಸಿಡಿದಿದ್ದು. ಸೊಪ್ಪು ಕೊಳ್ಳೋರು ಕೊಸರಾಡ್ತಾ ನಿಂತ್ಕೊಂಡ್ರೆ ಹೆಂಗ್ ನೋಡೋರು ಗೊತ್ತಾ?" ಎನ್ನುತ್ತ ಕೆಂಚಮ್ಮ ಗಲ್ಲ ಒಳಗೆಳೆದು, ಒಂದು ಹುಬ್ಬು ಏರಿಸಿ, ಕೆಳತುಟಿ ಮುಂದೆ ಮಾಡಿ, ಇಲ್ಲದ ಬುಟ್ಟಿಯ ಮೇಲೆ ಕೈಯಿಟ್ಟಳು. "ತಗಂಡ್ರೆ ತಗೋ ತಾಯಿ. ನೀನು ಯೋಚ್ನೆ ಮಾಡೋ ಹೊತ್ಗೆ ಸೊಪ್ಪು ಮುದ್ಕಿ ಆಯ್ತದೆ."

ಚಿಕ್ಕಣ್ಣ ಗಹಗಹಿಸಿ ನಕ್ಕ, ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡ. ಅಕ್ಕ ಅಲ್ಲಿದ್ದಳು. ಒಲೆಯ ಬಿಸಿಗೆ ಕೆಂಪಾದ ಈ ದುಂಡು ಮುಖದ ಮೇಲೆ, ಒಂದು ಉಸಿರಿನಷ್ಟು ಹೊತ್ತು, ಸಣ್ಣ ಎಡಗಣ್ಣು, ತುಟಿಯ ಗಾಯ, ಮೂಗು, ಎಲ್ಲವೂ, ನೇರವಾಗಿ ಇವಳನ್ನೇ ನೋಡುತ್ತ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೈ ತಾನಾಗಿ ಬರೆದದ್ದು ಇದನ್ನೇ. ಅಷ್ಟರಲ್ಲಿ ಹೋಯಿತು.

"ಇನ್ನೊಂದ್ಸಲ ಮಾಡಿ ಅತ್ತಿಗೆ."

ಕೆಂಚಮ್ಮ ಮತ್ತೆ ಹುಬ್ಬು ಏರಿಸಿದಳು. ಈಗ ಅದು ಹುಬ್ಬು ಏರಿಸಿದ ಕೆಂಚಮ್ಮ.

"ಇನ್ನೊಂದೇ ಸಲ."

"ಬುಡು ಪಾರ್ವತಿ. ಕೇಳ್ಕೊಂಡ್ರೆ ಬರಾಕಿಲ್ಲ ಅದು" ಎಂದಳು ಕೆಂಚಮ್ಮ, ಮೆಲ್ಲಗೆ, ಮತ್ತು ಅವಳ ಕೈಯಿಂದ ಸಣ್ಣ ಪೊಟ್ಟಣ ತೆಗೆದುಕೊಂಡು ಬಿಚ್ಚಿದಳು. ರವಿಕೆಯನ್ನು ಬೆಳಕಿಗೆ ಹಿಡಿದು ಹೊಲಿಗೆ ನೋಡಿದಳು. ಚಿತ್ರವನ್ನು ಮತ್ತೆ ಪೇಪರಿನಲ್ಲಿ ಸುತ್ತಿ ಕೋಣೆಯಲ್ಲಿಟ್ಟು ಬಂದಳು.

ನಡುವೆ ಬಿಟ್ಟ ಜಾಗದಲ್ಲಿ ಕಳಸ ಕೂತಿತು. ಅದರ ಮುಂದೆ ಮಣೆ, ಮಣೆಯ ಮೇಲೆ ಹೊಸ ಸೀರೆ, ಸೀರೆಯ ಮೇಲೆ ದಾಳಿಂಬೆ ಬಣ್ಣದ ರವಿಕೆ, ತೋಳು ಎರಡೂ ಕಡೆ ಚಾಚಿ. ಅದರ ಮುಂದೆ ಎಲೆ: ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಅಕ್ಕನ ಇಷ್ಟದ ದಂಟಿನ ಸೊಪ್ಪಿನ ಪಲ್ಯ, ಒಂದು ಚೂರು ಹೊಗೆಸೊಪ್ಪು. ಸಾಂಬ್ರಾಣಿ ಹಾಕಿ, ಕೈಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಸತ್ತವರು ಉಣ್ಣುವಾಗ ಬದುಕಿರುವವರು ನೋಡಬಾರದು. ಜಗಲಿಯ ಮೇಲೆ ಕೂತರು. ಪಕ್ಕದ ಮನೆಯಲ್ಲೂ ಬಾಗಿಲು ಮುಚ್ಚಿತ್ತು. ಆ ಜಗಲಿಯ ಮೇಲೆ ಕೂತ ಮುದುಕರೊಬ್ಬರು, "ಏನು ಚಿಕ್ಕಣ್ಣ, ನಿಮ್ಮೋರು ಬೇಗ ಉಣ್ಣೋರಾ? ನಮ್ಮಪ್ಪಂಗೆ ಇನ್ನೊಂದು ಗಂಟೆ ಬೇಕು" ಎಂದರು. ಚಿಕ್ಕಣ್ಣ ನಕ್ಕ. ಸ್ವಲ್ಪ ಹೊತ್ತಾದ ಮೇಲೆ, "ಪಾರ್ವತಿ, ನೀನೇ ಬಾಗ್ಲು ತಟ್ಟು. ನೀನಂದ್ರೆ ಅವ್ಳಿಗೆ ಪ್ರಾಣ" ಎಂದ.

ಅವಳು ಮೂರು ಸಲ ತಟ್ಟಿದಳು, ಒಳಗಿನವರು ಎದ್ದು ಹೋಗಲೆಂದು. ಚಿಲಕದ ಮೇಲೆ ಕೈಯಿಟ್ಟು ನಿಂತಳು. ಅಕ್ಕ ಎದ್ದು ಹೋಗದೆ ಕೂತಿದ್ದರೆ? ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದರೆ, ಈಗ್ಲಾದ್ರೂ ಬರಿಯೇ ಎಂದರೆ? ಗುರುತು ಹಿಡಿಯುತ್ತೇನೆಯೇ? ಬಾಗಿಲು ತಳ್ಳಿದಳು.

ಪಶ್ಚಿಮದ ಕಿಟಕಿಯಿಂದ ಬಿಸಿಲು ಓರೆಯಾಗಿ ಬಂದು ನೇರ ರವಿಕೆಯ ಮೇಲೆ ಬಿದ್ದಿತ್ತು. ಸಾಂಬ್ರಾಣಿಯ ಹೊಗೆ ಅದರ ಮೇಲೆ ಪದರ ಪದರವಾಗಿ ನಿಂತು, ಬಿಸಿಲಿದ್ದಲ್ಲಿ ಹಳದಿ, ಬಿಸಿಲು ಮುಗಿದಲ್ಲಿ ನೀಲಿ. ಚಾಚಿದ ಎಡತೋಳಿನ ಕೆಳಗೆ ಒಂದು ನೆರಳು ಇತ್ತು. ಅದು ಕೆಂಪಲ್ಲ, ಕಪ್ಪಲ್ಲ, ನೇರಳೆಯೂ ಅಲ್ಲ. ಕಾವಿಗೆ ಚೂರು ನೀಲಿ, ಬಹಳ ನೀರು. ಹಾಳೆ ಇನ್ನೂ ಒದ್ದೆಯಿರುವಾಗಲೇ ಹಾಕಬೇಕು. ಅವಳ ಹೆಬ್ಬೆರಳು ತೋರುಬೆರಳಿಗೆ ತಾಗಿ ನಿಂತಿತು, ನಡುವೆ ಕುಂಚವೊಂದು ಇರುವ ಹಾಗೆ.

"ಏನೇ ನಿಂತ್ಬುಟ್ಟೆ?" ಬೆನ್ನ ಹಿಂದಿನಿಂದ ಕೆಂಚಮ್ಮ ಕೇಳಿದಳು. "ಅಕ್ಕ ಬಂದಿದ್ರಾ? ಎಲೆ ಮುಟ್ಟವ್ರಾ, ನೋಡು."

"ಮುಟ್ಟವ್ಳೆ ಅತ್ತಿಗೆ" ಎಂದಳು ಪಾರ್ವತಿ.

ಅವಳು ಎಲೆಯ ಕಡೆ ನೋಡಿಯೇ ಇರಲಿಲ್ಲ.